ಹೆದ್ದಾರಿಯ ಮೇಲೆ ಹದಿನೆಂಟು ಟನ್

ಪಣಂಬೂರಿನ ನವಮಂಗಳೂರು ಬಂದರಿಗೆ ಹಡಗುಗಳಲ್ಲಿ ಬಂದಿಳಿಯುವ ದ್ರವೀಕೃತ ಪೆಟ್ರೋಲಿಯಂ ಅನಿಲ, ಅಂದರೆ ಮನೆಮನೆಯ ಒಲೆಯಲ್ಲಿ ಉರಿಯುವ ಎಲ್‌ಪಿಜಿ, ಘಟ್ಟದ ಮೇಲಿನ ಊರುಗಳನ್ನು ಸೇರಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಮಂಗಳೂರಿನಿಂದ ಹಾಸನ, ಮೈಸೂರುಗಳ ಮೂಲಕ ಬೆಂಗಳೂರು ಸಮೀಪದ ಸೋಲೂರಿನವರೆಗೆ ನೆಲದಡಿಯಲ್ಲಿ ಸಾಗುವ ಕೊಳವೆ ಮಾರ್ಗ. ಇನ್ನೊಂದು, ಬಂಟ್ವಾಳ, ಉಪ್ಪಿನಂಗಡಿ, ಗುಂಡ್ಯಗಳನ್ನು ದಾಟಿ ಶಿರಾಡಿ ಘಾಟಿಯನ್ನೇರುವ ರಾಷ್ಟ್ರೀಯ ಹೆದ್ದಾರಿ 75. ಹೆದ್ದಾರಿಯಲ್ಲಿ ಸಾಗುವ ದೊಡ್ಡ ಬುಲೆಟ್ ಟ್ಯಾಂಕರ್ ಒಂದರಲ್ಲಿ ಸಾಮಾನ್ಯವಾಗಿ 17ರಿಂದ 18 ಟನ್ ಅನಿಲವಿರುತ್ತದೆ. 14.2 ಕಿಲೋ ತೂಕದ ಗೃಹಬಳಕೆಯ ಸಿಲಿಂಡರ್‌ಗಳ ಲೆಕ್ಕಕ್ಕೆ ಇಳಿಸಿದರೆ 18 ಟನ್ ಎಂದರೆ 1,260ಕ್ಕೂ ಹೆಚ್ಚು ಸಿಲಿಂಡರ್‌ಗಳು. ಅಷ್ಟೂ ಅನಿಲ ಒಂದೇ ಉಕ್ಕಿನ ತೊಟ್ಟಿಯೊಳಗೆ ಒತ್ತಡದಲ್ಲಿ ಕುಳಿತು, ಶಾಲೆ, ಸಂತೆ, ಬಸ್ ನಿಲ್ದಾಣ, ಅಂಗಡಿ ಸಾಲುಗಳ ಪಕ್ಕದಲ್ಲೇ ಹಗಲಿರುಳೂ ಹಾದುಹೋಗುತ್ತದೆ.

ಇಷ್ಟೇ ಅನಿಲ ಒಂದು ಸ್ಥಾವರದ ಆವರಣದೊಳಗೆ ಸ್ಥಿರವಾದ ತೊಟ್ಟಿಯಲ್ಲಿ ಇದ್ದಿದ್ದರೆ ಅದರ ಸುತ್ತ ಏನೆಲ್ಲ ಇರಬೇಕೆಂಬುದನ್ನು ಕಾನೂನು ವಿವರವಾಗಿ ಹೇಳುತ್ತದೆ. ನಾಗಪುರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ, ಅಂದರೆ ಪೆಸೊ, ಅದಕ್ಕೆ ಪರವಾನಗಿ ನೀಡಬೇಕು; ತೊಟ್ಟಿಗೂ ಆವರಣದ ಗೋಡೆಗೂ ನಡುವೆ, ತೊಟ್ಟಿಯ ಗಾತ್ರಕ್ಕೆ ತಕ್ಕಂತೆ, 20–30 ಮೀಟರ್ ತೆರವು ಇರಬೇಕು; ಕಿಡಿ ಹಾರದಂಥ ವಿದ್ಯುತ್ ಉಪಕರಣ, ಸೋರಿಕೆ ಪತ್ತೆ ಹಚ್ಚುವ ಸಂವೇದಕ, ಬೆಂಕಿ ಬಿದ್ದರೆ ತೊಟ್ಟಿಯ ಮೈಮೇಲೆ ನೀರು ಸುರಿಸುವ ಕೊಳವೆ ಜಾಲ ಇರಬೇಕು. ಒಳಗೆ ಬರುವವರ ಜೇಬಿನ ಬೆಂಕಿಪೊಟ್ಟಣವೂ ಗೇಟಿನಲ್ಲೇ ಉಳಿಯುತ್ತದೆ. ಟ್ಯಾಂಕರ್ ಅದೇ ಗೇಟನ್ನು ದಾಟಿ ಹೊರಗೆ ಬಂದ ಕ್ಷಣದಲ್ಲಿ ಈ ಕವಚಗಳೆಲ್ಲ ಕಳಚಿ, ಉಳಿಯುವುದು ತೊಟ್ಟಿಯ ಗೋಡೆ, ಕೆಲವು ವಾಲ್ವ್‌ಗಳು ಮತ್ತು ಚಾಲಕನ ಎಚ್ಚರ ಮಾತ್ರ. ಅಪಾಯಕಾರಿ ಸರಕಿನ ಸಾಗಣೆಯ ಸುರಕ್ಷತೆಯ ಕುರಿತ ಯಾವುದೇ ಚರ್ಚೆ ಆರಂಭವಾಗಬೇಕಾದದ್ದು ಈ ಗೇಟಿನ ಬಳಿಯಲ್ಲಿ.

ಸುರಕ್ಷತಾ ಶಾಸ್ತ್ರವು ವಸ್ತುವಿನ ಹಾನಿಕಾರಕ ಗುಣ ಮತ್ತು ಅದರಿಂದ ಒದಗುವ ಅಪಾಯ, ಇವೆರಡನ್ನೂ ಬೇರೆಬೇರೆಯಾಗಿ ನೋಡುತ್ತದೆ. ಅನಿಲದ ದಹ್ಯತೆ ಅದರ ಗುಣ; ಅದನ್ನು ಯಾರೂ ಕಡಿಮೆ ಮಾಡಲಾರರು. ಅಪಾಯವೆಂಬುದಾದರೋ ಅವಘಡ ನಡೆಯುವ ಸಂಭವನೀಯತೆ ಮತ್ತು ನಡೆದರೆ ಆಗುವ ಹಾನಿಯ ಪ್ರಮಾಣ, ಈ ಎರಡರ ಗುಣಲಬ್ಧ. ರಸ್ತೆ, ವಾಹನ, ಚಾಲಕರನ್ನು ಸುಧಾರಿಸಿದರೆ ಸಂಭವನೀಯತೆ ತಗ್ಗುತ್ತದೆ. ಜನವಸತಿಯಿಂದ ದೂರದ ಮಾರ್ಗ, ಕಡಿಮೆ ಪ್ರಮಾಣದ ಸರಕು, ತ್ವರಿತವಾದ ಜನರ ತೆರವು ಹಾನಿಯನ್ನು ತಗ್ಗಿಸುತ್ತವೆ. ಭಾರತದ ಕಾನೂನುಗಳು ಮೊದಲನೆಯ ಅಂಶಕ್ಕೆ ಸಾಕಷ್ಟು ಪುಟಗಳನ್ನು ಮೀಸಲಿಟ್ಟಿವೆ. ಎರಡನೆಯದು, ಅಂದರೆ ರಸ್ತೆಯ ಆಚೀಚೆ ಬದುಕುವವರಿಗೆ ಸಂಬಂಧಿಸಿದ್ದು, ಇನ್ನೂ ಬಹುಪಾಲು ಅದೃಷ್ಟಕ್ಕೆ ಬಿಟ್ಟ ವಿಷಯವಾಗಿಯೇ ಉಳಿದಿದೆ.

ಎಲ್‌ಪಿಜಿ ಮುಖ್ಯವಾಗಿ ಪ್ರೋಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಸಾಮಾನ್ಯ ಒತ್ತಡದಲ್ಲಿ ಪ್ರೋಪೇನ್ ಸೊನ್ನೆಗಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುವುದರಿಂದ, ಒತ್ತಡ ಹೇರಿ ದ್ರವವಾಗಿಸಿದ ಅನಿಲಕ್ಕೆ ಸಣ್ಣದೊಂದು ಬಿರುಕು ಸಿಕ್ಕಿದರೂ ಅದು ಕುದಿಯುತ್ತಲೇ ಹೊರನುಗ್ಗಿ, ದ್ರವರೂಪದ ಗಾತ್ರಕ್ಕಿಂತ ಸುಮಾರು 250 ಪಟ್ಟು ಹಿಗ್ಗುತ್ತದೆ. ಸುತ್ತಲಿನ ಗಾಳಿಯ ತೇವಾಂಶ ಆ ಶೀತಕ್ಕೆ ಹೆಪ್ಪುಗಟ್ಟಿ ಬಿಳಿಯ ಮಂಜಿನಂತೆ ಕಾಣುತ್ತದೆಯಾದರೂ, ಅನಿಲ ಆ ಮಂಜಿನ ಅಂಚನ್ನು ಮೀರಿ ಕಣ್ಣಿಗೆ ಕಾಣದಂತೆ ಹರಡಿರಬಹುದೆಂಬುದು ನೋಡುವವರಿಗೆ ಹೊಳೆಯುವುದಿಲ್ಲ. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರವಾದ ಈ ಅನಿಲ ಮೇಲೇರಿ ಚದುರದೆ ಚರಂಡಿ, ತಗ್ಗು, ತೋಟದ ಕಣಿ, ರಸ್ತೆಗಿಂತ ಕೆಳಗಿರುವ ಮನೆಯಂಗಳಗಳನ್ನು ಹುಡುಕಿಕೊಂಡು ಇಳಿಯುತ್ತದೆ. ಗಾಳಿಯಲ್ಲಿ ಶೇ 2ರಷ್ಟು ಬೆರೆತರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅನಿಲಕ್ಕೆ ಬೆರೆಸುವ ಈಥೈಲ್ ಮರ್ಕ್ಯಾಪ್ಟನ್ ಎಂಬ ಕಟುವಾಸನೆಯ ರಾಸಾಯನಿಕ, ಉರಿಯಬಲ್ಲ ಕನಿಷ್ಠ ಪ್ರಮಾಣದ ಐದನೇ ಒಂದು ಭಾಗದಷ್ಟು ಅನಿಲ ಬೆರೆತಾಗಲೇ ಮೂಗಿಗೆ ತಿಳಿಯುವಂತಿರಬೇಕು. ಹಾಗಾಗಿ ವಾಸನೆಯೇ ಮೊದಲ ಎಚ್ಚರಿಕೆ, ಆದರೆ ಅದು ಕೊಡುವ ಕಾಲಾವಕಾಶ ಬಹಳ ಕಡಿಮೆ.

ಕರಾವಳಿಯ ಜನ ಇದನ್ನು ಕಣ್ಣಾರೆ ಕಂಡವರು. 2012ರ ಆಗಸ್ಟ್ 27ರ ರಾತ್ರಿ, ಮಂಗಳೂರಿನಿಂದ ಕೋಯಿಕ್ಕೋಡ್ ಕಡೆಗೆ ಹೊರಟಿದ್ದ ಟ್ಯಾಂಕರ್ ಕಣ್ಣೂರು ಸಮೀಪದ ಚಾಲ ಎಂಬಲ್ಲಿ ರಸ್ತೆ ವಿಭಜಕಕ್ಕೆ ಡಿಕ್ಕಿ ಹೊಡೆದು ಉರುಳಿ, ಸೋರಿದ ಅನಿಲ ಹೊತ್ತಿಕೊಂಡು 20 ಜನ ಪ್ರಾಣ ಕಳೆದುಕೊಂಡರು. ಎಂಟು ತಿಂಗಳು ತುಂಬುವುದರೊಳಗೆ, 2013ರ ಏಪ್ರಿಲ್ 9ರಂದು, ಬಂಟ್ವಾಳ ತಾಲ್ಲೂಕಿನ ಪೆರ್ನೆಯಲ್ಲಿ ಇನ್ನೊಂದು ಟ್ಯಾಂಕರ್ ಮಗುಚಿ, ಬೆಂಕಿ ರಸ್ತೆ ಬದಿಯ ಮನೆಗಳಿಗೂ ವ್ಯಾಪಿಸಿ ಹಲವರು ಬಲಿಯಾದರು. ಎರಡೂ ಕಡೆ ಸತ್ತವರಲ್ಲಿ ಸರಕಿಗೂ ತಮಗೂ ಯಾವ ಸಂಬಂಧವೂ ಇಲ್ಲದವರಿದ್ದರು. ಅವರು ಆ ರಸ್ತೆಯ ಪಕ್ಕದಲ್ಲಿ ಮನೆ ಕಟ್ಟಿಕೊಂಡಿದ್ದರು, ಅಷ್ಟೇ.

ಸೋರಿದ ಅನಿಲದ ಬೆಂಕಿಗಿಂತಲೂ ಭೀಕರವಾದದ್ದು, ಬೆಂಕಿಯ ನಡುವೆ ಸಿಲುಕಿದ ತೊಟ್ಟಿಯೇ ಸಿಡಿಯುವ ವಿದ್ಯಮಾನ. ತಂತ್ರಜ್ಞರು ಇದನ್ನು ಬ್ಲೆವಿ ಎಂದು ಕರೆಯುತ್ತಾರೆ. ಕುದಿಯುವ ದ್ರವದ ಆವಿ ಒಮ್ಮೆಗೇ ಹಿಗ್ಗಿ ತೊಟ್ಟಿಯನ್ನು ಸೀಳುವ ಸ್ಫೋಟವೆಂದು ಅದರ ಅರ್ಥ. ತೊಟ್ಟಿಯೊಳಗೆ ದ್ರವ ತಾಗಿರುವ ಭಾಗದ ಉಕ್ಕು ತನ್ನ ಶಾಖವನ್ನು ದ್ರವಕ್ಕೆ ದಾಟಿಸುತ್ತ ತಡೆದುಕೊಳ್ಳುತ್ತದೆ. ಆದರೆ ಮೇಲ್ಭಾಗದಲ್ಲಿ ಆವಿ ಮಾತ್ರ ಇರುವಲ್ಲಿ ಶಾಖ ಹೋಗಲು ದಾರಿಯಿಲ್ಲದೆ ಉಕ್ಕು ಕಾದು, ಐನೂರು-ಆರುನೂರು ಡಿಗ್ರಿ ತಲುಪುವ ಹೊತ್ತಿಗೆ ತನ್ನ ಬಲವನ್ನು ಬಹುಮಟ್ಟಿಗೆ ಕಳೆದುಕೊಂಡು ಸೀಳಿಬಿಡುತ್ತದೆ. ಒತ್ತಡ ಹೆಚ್ಚಿದಾಗ ತಾನಾಗಿ ತೆರೆದುಕೊಳ್ಳುವ ಸುರಕ್ಷತಾ ವಾಲ್ವ್ ಇದ್ದರೂ ಅದು ಒತ್ತಡವನ್ನಷ್ಟೇ ಇಳಿಸುತ್ತದೆ, ಉಕ್ಕನ್ನು ತಂಪಾಗಿಸುವುದಿಲ್ಲ. ಆದುದರಿಂದಲೇ ಆ ವಾಲ್ವ್‌ನ ಸಿಳ್ಳಿನ ಸದ್ದು ಏರುತ್ತ ಹೋದರೆ ಹತ್ತಿರವಿರುವ ಎಲ್ಲರೂ, ಅಗ್ನಿಶಾಮಕ ಸಿಬ್ಬಂದಿಯೂ ಸೇರಿದಂತೆ, ಕೂಡಲೇ ಹಿಂದೆ ಸರಿಯಬೇಕೆಂದು ಕಲಿಸಲಾಗುತ್ತದೆ.

ಅವಘಡದ ಬೀಜ ಅವಘಡದ ಸ್ಥಳದಿಂದ ಬಹುದೂರದಲ್ಲಿ ಬಿತ್ತಲ್ಪಟ್ಟಿರುತ್ತದೆ ಎಂಬುದಕ್ಕೆ ಸ್ಪೇನಿನ ಲೋಸ್ ಆಲ್‌ಫಾಕೆಸ್ ದುರಂತಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು. 1978ರ ಜುಲೈ 11ರಂದು ತಾರ್ರಗೋನಾದ ಸಂಸ್ಕರಣಾಗಾರದಲ್ಲಿ ಪ್ರೊಪಿಲೀನ್ ತುಂಬಿಸಿಕೊಂಡ ಟ್ಯಾಂಕರ್ ಒಂದು ಅನುಮತಿಸಿದ್ದಕ್ಕಿಂತ ಸುಮಾರು ನಾಲ್ಕು ಟನ್ ಹೆಚ್ಚು ಹೊತ್ತು ಹೊರಟಿತು. ಬಿಸಿಲಿಗೆ ಹಿಗ್ಗುವ ದ್ರವಕ್ಕೆ ತೊಟ್ಟಿಯೊಳಗೆ ಖಾಲಿ ಜಾಗ ಬಿಡಬೇಕೆಂಬ ಮೂಲನಿಯಮ ಅಲ್ಲಿಯೇ ಮುರಿದಿತ್ತು. ತೊಟ್ಟಿಗೆ ಸುರಕ್ಷತಾ ವಾಲ್ವ್ ಕೂಡ ಇರಲಿಲ್ಲ. ಸುಂಕ ಕೊಡಬೇಕಾದ ಹೆದ್ದಾರಿಯನ್ನು ಬಿಟ್ಟು ಅದು ಹಿಡಿದದ್ದು ಕಡಲಂಚಿನ ಹಳೆಯ ರಸ್ತೆಯನ್ನು. ಆ ರಸ್ತೆಗೆ ಒತ್ತಿಕೊಂಡಂತೆ, ಬೇಸಿಗೆಯ ರಜೆಗೆಂದು ಬಂದ ಕುಟುಂಬಗಳು ಡೇರೆ ಹಾಕಿಕೊಂಡಿದ್ದ ಶಿಬಿರತಾಣದ ಪಕ್ಕದಲ್ಲಿ ತೊಟ್ಟಿ ಸಿಡಿದು 200ಕ್ಕೂ ಹೆಚ್ಚು ಜನ ಸುಟ್ಟುಹೋದರು. ಲಾರಿ ತೂಗುವ ವೇಬ್ರಿಡ್ಜ್ ಬಳಿ ನಿಂತ ಯಾರಾದರೂ ಆ ವಾಹನವನ್ನು ಹಿಂದಕ್ಕೆ ಕಳಿಸಿದ್ದರೆ, ಅಥವಾ ಮಾರ್ಗವನ್ನು ಸಾರಿಗೆ ವೆಚ್ಚದ ಲೆಕ್ಕದ ಬದಲು ಜನರ ಲೆಕ್ಕದಲ್ಲಿ ಆರಿಸಿದ್ದರೆ, ಆ ಸಾವುಗಳಲ್ಲಿ ಬಹುಪಾಲು ತಪ್ಪುತ್ತಿದ್ದವು. ಮಾರ್ಗದ ಆಯ್ಕೆಯನ್ನು ಸಾಗಣೆದಾರನ ಅನುಕೂಲಕ್ಕೆ ಬಿಡಬಾರದು ಎಂಬ ವಾದಕ್ಕೆ ಇಷ್ಟು ಬೆಲೆ ತೆತ್ತ ಉದಾಹರಣೆ ಒಂದೇ ಸಾಕಾಗಬೇಕಿತ್ತು.

ಟ್ಯಾಂಕರ್‌ಗಳು ಬಹುಮಟ್ಟಿಗೆ ಉರುಳುವುದು ತಿರುವುಗಳಲ್ಲಿ, ಮತ್ತು ಅದರ ಹಿಂದಿನ ಯಂತ್ರಶಾಸ್ತ್ರ ಸರಳವಾದದ್ದು. ತಿರುವಿನಲ್ಲಿ ವಾಹನವನ್ನು ಹೊರಕ್ಕೆ ತಳ್ಳುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗವನ್ನು 60ಕ್ಕೆ ಏರಿಸಿದರೆ ವೇಗ ಒಂದೂವರೆ ಪಟ್ಟಾದರೂ ಆ ಬಲ ಎರಡೂಕಾಲು ಪಟ್ಟಾಗುತ್ತದೆ. ತೊಟ್ಟಿಯ ಭಾರದ ಕೇಂದ್ರ ನೆಲದಿಂದ ಎತ್ತರದಲ್ಲಿರುವುದು ಒಂದು ತೊಡಕಾದರೆ, ಒಳಗಿನ ಸರಕು ದ್ರವವಾಗಿರುವುದು ಇನ್ನೊಂದು ತೊಡಕು. ಹಿಗ್ಗಲು ಜಾಗ ಬೇಕಾದ ಕಾರಣ ಅನಿಲದ ತೊಟ್ಟಿಯನ್ನು ಎಂದೂ ಪೂರ್ತಿ ತುಂಬುವಂತಿಲ್ಲ. ತುಂಬಿದ ಕೊಡ ತುಳುಕುವುದಿಲ್ಲವೆಂಬ ಮಾತಿನ ಆಸರೆ ಈ ಚಾಲಕನಿಗೆ ಇಲ್ಲ. ತಿರುವಿನಲ್ಲಿ ದ್ರವ ಹೊರಬದಿಗೆ ಸರಿದು ಗೋಡೆಗೆ ಅಪ್ಪಳಿಸುವಾಗ, ಚಕ್ರಗಳು ನೆಲ ಬಿಡುವ ಮಿತಿ ಗಟ್ಟಿ ಸರಕಿನ ಲಾರಿಗಿಂತ ಮೊದಲೇ ಬರುತ್ತದೆ. ಒಳಗೆ ಅಡ್ಡಲಾಗಿ ಬೆಸೆದ ತಡೆಫಲಕಗಳು ಮುಂದಕ್ಕೂ ಹಿಂದಕ್ಕೂ ಆಗುವ ತುಳುಕಾಟವನ್ನು ತಗ್ಗಿಸಬಲ್ಲವೇ ಹೊರತು ಪಕ್ಕಕ್ಕೆ ಆಗುವುದನ್ನು ಅಷ್ಟಾಗಿ ತಡೆಯಲಾರವು. ಮಳೆಗಾಲದ ಶಿರಾಡಿ ಘಾಟಿಯಲ್ಲಿ, ಒಂದು ಕಡೆ ಕುಸಿಯುವ ಗುಡ್ಡ, ಇನ್ನೊಂದು ಕಡೆ ಕೆಂಪುಹೊಳೆಯ ಕಣಿವೆ, ಎದುರಿಗೆ ಓವರ್‌ಟೇಕ್ ಮಾಡುವ ಬಸ್ಸು, ಇವುಗಳ ನಡುವೆ ಈ ಲೆಕ್ಕವನ್ನು ಚಾಲಕ ತನ್ನ ಅಂದಾಜಿನಿಂದಲೇ ಮಾಡಬೇಕು.

ಕೇಂದ್ರ ಮೋಟಾರು ವಾಹನ ನಿಯಮಗಳು, 1989, ತಮ್ಮ 129ರಿಂದ 137ರವರೆಗಿನ ನಿಯಮಗಳಲ್ಲಿ ಈ ಸಾಗಣೆಯ ಹೊಣೆಯನ್ನು ಸರಕು ಕಳಿಸುವವರು, ವಾಹನದ ಮಾಲೀಕರು ಮತ್ತು ಚಾಲಕರ ನಡುವೆ ಹಂಚುತ್ತವೆ. ಸರಕಿನ ಗುಣ, ಅದರಿಂದಾಗುವ ಅಪಾಯ, ಅವಘಡದಲ್ಲಿ ಮಾಡಬೇಕಾದ ಕ್ರಮಗಳನ್ನು ಬರೆದ ಟ್ರೆಮ್ ಕಾರ್ಡ್ ಎಂಬ ಹಾಳೆ ಕ್ಯಾಬಿನ್ನಿನಲ್ಲಿ ಇರಬೇಕು. ವಾಹನದ ಮೈಮೇಲೆ ತುರ್ತು ಮಾಹಿತಿ ಫಲಕ ಇರಬೇಕು. ಈ ಫಲಕವನ್ನು ದಿನವೂ ಸಾವಿರಾರು ಜನ ನೋಡುತ್ತಾರಾದರೂ ಓದಬಲ್ಲವರು ವಿರಳವಾದುದರಿಂದ ಅದನ್ನು ಇಲ್ಲಿ ಬಿಡಿಸಿ ಹೇಳುವುದು ಉಚಿತ. ಪೆಟ್ರೋಲ್ ಟ್ಯಾಂಕರ್‌ನ ಫಲಕದಲ್ಲಿ ಕಾಣುವ 1203 ಎಂಬ ನಾಲ್ಕಂಕಿಯು ವಿಶ್ವಸಂಸ್ಥೆಯ ತಜ್ಞರ ಸಮಿತಿ ಆ ವಸ್ತುವಿಗೆ ಕೊಟ್ಟ ಸಂಖ್ಯೆ. ಎಲ್‌ಪಿಜಿಗೆ 1075, ಕ್ಲೋರಿನ್‌ಗೆ 1017, ಅಮೋನಿಯಾಕ್ಕೆ 1005. ಭಾಷೆ ಯಾವುದೇ ಇರಲಿ, ಈ ಅಂಕಿ ಎಲ್ಲ ದೇಶಗಳಲ್ಲೂ ಒಂದೇ ವಸ್ತುವನ್ನು ಹೇಳುತ್ತದೆ. ಪೆಟ್ರೋಲ್ ಫಲಕದಲ್ಲಿ ಅದರ ಜೊತೆಗಿರುವ 3ವೈಇ ಎಂಬ ಹ್ಯಾಜ್‌ಕೆಮ್ ಸಂಕೇತ ಅಗ್ನಿಶಾಮಕ ದಳಕ್ಕೆ ಬರೆದ ಆದೇಶದಂತಿದೆ: 3 ಎಂದರೆ ನೊರೆಯಿಂದ ಬೆಂಕಿ ಆರಿಸಬೇಕು, ಬರಿಯ ನೀರು ಸಲ್ಲದು, ವೈ ಎಂದರೆ ವಸ್ತು ರಭಸದಿಂದ ಸಿಡಿಯಬಹುದು, ಉಸಿರಾಟದ ಉಪಕರಣ ತೊಟ್ಟೇ ಹತ್ತಿರ ಹೋಗಬೇಕು, ಚೆಲ್ಲಿದ್ದನ್ನು ಚರಂಡಿಗೆ ಹರಿಯಬಿಡಬಾರದು, ಇ ಎಂದರೆ ಸುತ್ತಲಿನ ಜನರನ್ನು ತೆರವುಗೊಳಿಸುವ ಬಗ್ಗೆ ಯೋಚಿಸಬೇಕು. ಮೂರು ಅಕ್ಷರಗಳಲ್ಲಿ ಇಷ್ಟು ಅಡಕವಾಗಿದೆ. ಹೆದ್ದಾರಿ ಬದಿಯ ಪ್ರತಿ ಪೊಲೀಸ್ ಠಾಣೆಯ ಗೋಡೆಯ ಮೇಲೂ, ಪಂಚಾಯಿತಿ ಕಚೇರಿಯಲ್ಲೂ ಇದರ ಕನ್ನಡ ಕೀಲಿಯೊಂದನ್ನು ತೂಗುಹಾಕಲು ತಗಲುವ ಖರ್ಚು ಲೆಕ್ಕಕ್ಕೆ ಬಾರದಷ್ಟು ಕಡಿಮೆ.

ಇಂಥ ಸರಕನ್ನು ಓಡಿಸುವವರಿಗೆ ನಿಯಮಗಳು ಓದುಬರಹದ ಅರ್ಹತೆಯನ್ನೂ, ಮೂರು ದಿನಗಳ ವಿಶೇಷ ತರಬೇತಿಯನ್ನೂ, ನಿಯತವಾಗಿ ನವೀಕರಿಸಬೇಕಾದ ಪರವಾನಗಿ ದಾಖಲೆಯನ್ನೂ ವಿಧಿಸಿವೆ. ಕಾಗದದಲ್ಲಿ ಇದು ಒಳ್ಳೆಯ ಏರ್ಪಾಡೇ. ಆದರೆ ಟ್ರಿಪ್ ಲೆಕ್ಕದಲ್ಲಿ ಸಂಪಾದಿಸುವ ಚಾಲಕ, ಸ್ಥಾವರದ ಹೊರಗೆ ಲೋಡಿಗಾಗಿ ಗಂಟೆಗಟ್ಟಲೆ ಸಾಲಿನಲ್ಲಿ ಕಾದು, ಬಳಿಕ ಆ ಹೊತ್ತನ್ನು ರಸ್ತೆಯಲ್ಲಿ ಗಳಿಸಲು ಹೊರಟರೆ ಮೂರು ದಿನದ ಪಾಠ ಅವನ ನಿದ್ದೆಯನ್ನು ತಡೆಯಲಾರದು. ಸುರಕ್ಷಿತ ನಿಲುಗಡೆ ತಾಣಗಳಿಲ್ಲದ ಕಾರಣ ಅವನು ಡಾಬಾದ ಮುಂದೆ, ಪೆಟ್ರೋಲ್ ಬಂಕಿನ ಪಕ್ಕದಲ್ಲಿ ಗಾಡಿ ನಿಲ್ಲಿಸಿ ಕಣ್ಣು ಮುಚ್ಚುತ್ತಾನೆ. ಅಪಘಾತವಾದಾಗ ಮೊದಲು ದೂರು ದಾಖಲಾಗುವುದು ಅವನ ಮೇಲೆ. ಅವನ ಕೆಲಸದ ಅವಧಿಯನ್ನು, ಬಾಡಿಗೆಯ ದರವನ್ನು ನಿಗದಿ ಮಾಡಿದವರ ಹೆಸರು ಆ ಕಾಗದದಲ್ಲಿ ಕಾಣಿಸುವುದು ಅಪರೂಪ. ಇದು ಅನ್ಯಾಯವಷ್ಟೇ ಅಲ್ಲ, ಸುರಕ್ಷತೆಯ ದೃಷ್ಟಿಯಿಂದ ನಿಷ್ಪ್ರಯೋಜಕವೂ ಹೌದು, ಏಕೆಂದರೆ ಕಾರಣ ಉಳಿದೇ ಇರುತ್ತದೆ.

ಚಾಲಕನೊಬ್ಬನ ಎಚ್ಚರ ಸಾಲದೆಂಬುದನ್ನು 2024ರ ಡಿಸೆಂಬರ್ 20ರ ಬೆಳಗಿನ ಜಾವ ಜೈಪುರದ ಭಾಂಕ್ರೋಟಾದಲ್ಲಿ ನಡೆದದ್ದು ತೋರಿಸುತ್ತದೆ. ಜೈಪುರ–ಅಜ್ಮೇರ್ ಹೆದ್ದಾರಿಯಲ್ಲಿ ಯು-ತಿರುವು ತೆಗೆದುಕೊಳ್ಳುತ್ತಿದ್ದ ಎಲ್‌ಪಿಜಿ ಟ್ಯಾಂಕರ್‌ಗೆ ಎದುರಿನಿಂದ ಬಂದ ಲಾರಿ ಡಿಕ್ಕಿ ಹೊಡೆದು, ವಾಲ್ವ್‌ಗಳು ಮುರಿದು, ಹರಡಿದ ಅನಿಲ ಹೊತ್ತಿಕೊಂಡಾಗ ಹತ್ತಾರು ವಾಹನಗಳು ಸುಟ್ಟವು. ರಸ್ತೆಯಲ್ಲಿ ತಮ್ಮ ಪಾಡಿಗೆ ಸಾಗುತ್ತಿದ್ದವರೂ ಅದರಲ್ಲಿ ಸಿಲುಕಿದರು. ಉದ್ದನೆಯ ಟ್ಯಾಂಕರ್ ಹೆದ್ದಾರಿಗೆ ಅಡ್ಡಲಾಗಿ ನಿಂತು ತಿರುಗಬೇಕಾಗುವಂತೆ ವಿಭಜಕದ ನಡುವೆ ತೆರಪು ಬಿಡುವುದು ರಸ್ತೆ ವಿನ್ಯಾಸದ ಪ್ರಶ್ನೆ. ತೊಟ್ಟಿಯ ಮೈಯಿಂದ ಹೊರಚಾಚಿದ ವಾಲ್ವ್‌ಗಳಿಗೆ ಡಿಕ್ಕಿ ತಡೆಯುವ ಕಾಪು ಕೊಡುವುದು, ಹೊರಗಿನದು ಮುರಿದರೂ ಒಳಗಿನದು ತಾನಾಗಿ ಮುಚ್ಚುವಂತೆ ಇರಿಸುವುದು ವಾಹನ ವಿನ್ಯಾಸದ ಪ್ರಶ್ನೆ. ಹರಿವು ಮಿತಿ ಮೀರಿದಾಗ ಮುಚ್ಚಿಕೊಳ್ಳುವ ಇಂಥ ವಾಲ್ವ್‌ಗಳು ಈಗಾಗಲೇ ಬಳಕೆಯಲ್ಲಿವೆ. ಅವು ಕೆಲಸ ಮಾಡುತ್ತವೆಯೇ ಎಂದು ನಿಯತವಾಗಿ ಪರೀಕ್ಷಿಸುವ ಶಿಸ್ತು ವಾಲ್ವ್‌ನಷ್ಟೇ ಮುಖ್ಯ.

ಬ್ರಿಟನ್ನಿನ ರಾಸಾಯನಿಕ ಎಂಜಿನಿಯರ್ ಟ್ರೆವರ್ ಕ್ಲೆಟ್ಜ್ ಬಳಕೆಗೆ ತಂದ ವಿಚಾರವೊಂದು ಇಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವಂಥದ್ದು. ಅಪಾಯಕ್ಕೆ ಕಾವಲು ಹಾಕುವುದಕ್ಕಿಂತ ಮೊದಲು, ಆ ವಸ್ತುವನ್ನೇ ಕಡಿಮೆ ಮಾಡಲು ಅಥವಾ ಇಲ್ಲವಾಗಿಸಲು ಸಾಧ್ಯವೇ ಎಂದು ಕೇಳಬೇಕೆಂಬುದು ಅದರ ತಿರುಳು. ಕುಡಿಯುವ ನೀರಿನ ಶುದ್ಧೀಕರಣಕ್ಕೆ ಸುಮಾರು 900 ಕಿಲೋ ಹಿಡಿಯುವ ಟನ್ನರ್‌ಗಳಲ್ಲಿ ವಿಷಕಾರಿ ಕ್ಲೋರಿನ್ ಅನಿಲವನ್ನು ಊರ ನಡುವೆ ಸಾಗಿಸುವ ಬದಲು ಹೈಪೊಕ್ಲೋರೈಟ್ ದ್ರಾವಣ ಬಳಸಿದರೆ ಸಾಗಣೆಯ ದೊಡ್ಡ ಅಪಾಯವೊಂದು ರಸ್ತೆಯಿಂದಲೇ ಇಳಿದುಹೋಗುತ್ತದೆ. ಮಂಗಳೂರು–ಸೋಲೂರು ಅನಿಲ ಕೊಳವೆ ಮಾಡುವುದೂ ಇದನ್ನೇ: ಅದರಲ್ಲಿ ಹರಿಯುವ ಪ್ರತಿ 18 ಟನ್ ಅನಿಲವೂ ಘಾಟಿ ಹತ್ತಬೇಕಿದ್ದ ಒಂದು ಟ್ಯಾಂಕರನ್ನು ಉಳಿಸುತ್ತದೆ. ಕೊಳವೆಗೂ ತನ್ನದೇ ಅಪಾಯಗಳಿವೆ, ಮುಖ್ಯವಾಗಿ ಅರಿಯದೆ ಅಗೆಯುವ ಜೆಸಿಬಿಗಳಿಂದ. ಆದರೂ ಕಿಲೋಮೀಟರ್ ಲೆಕ್ಕದಲ್ಲಿ ಅದು ರಸ್ತೆಗಿಂತ ಬಹಳ ಸುರಕ್ಷಿತ. ಕೊಳವೆ ಮುಟ್ಟದ ಊರುಗಳಿಗೂ ಕೇರಳದ ದಿಕ್ಕಿಗೂ ಟ್ಯಾಂಕರ್‌ಗಳು ಓಡುತ್ತಲೇ ಇರುವುದರಿಂದ ರಸ್ತೆಯ ಪ್ರಶ್ನೆ ಮುಗಿಯುವುದಿಲ್ಲ.

ಟ್ಯಾಂಕರ್ ಒಂದು ಉರುಳಿ ವಾಸನೆ ಹಬ್ಬಿದಾಗ ತಜ್ಞರ ತಂಡ ಬಂದು ಸೇರಲು ಬಹಳ ಹೊತ್ತು ಬೇಕು. ಅದಕ್ಕೆ ಮೊದಲಿನ ಹತ್ತು-ಹದಿನೈದು ನಿಮಿಷ ಅಲ್ಲಿರುವವರು ಅಂಗಡಿಯವರು, ರಿಕ್ಷಾದವರು, ತೋಟದ ಕೆಲಸಗಾರರು. ಅವರು ಮಾಡಬೇಕಾದದ್ದು ಕಡಿಮೆ, ಆದರೆ ಸಹಜವಾಗಿ ಮಾಡಹೊರಡುವುದಕ್ಕೆ ಪೂರ್ತಿ ವಿರುದ್ಧ. ಹತ್ತಿರ ಹೋಗದೆ, ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಅಥವಾ ಅದರ ಎದುರಿಗೆ ಎತ್ತರದ ಜಾಗಕ್ಕೆ ಸರಿಯಬೇಕು. ಒಲೆ ಆರಿಸಬೇಕು, ವಾಹನ ಸ್ಟಾರ್ಟ್ ಮಾಡಬಾರದು, ಅನಿಲ ಹರಡಿರುವ ಮನೆಯ ಸ್ವಿಚ್ಚುಗಳನ್ನು ಹಾಕಲೂಬಾರದು, ತೆಗೆಯಲೂಬಾರದು. ಆ ಪ್ರದೇಶದಿಂದ ಹೊರಬಂದ ಮೇಲಷ್ಟೇ 112ಕ್ಕೆ ಕರೆ ಮಾಡಿ ಫಲಕದ ಅಂಕಿಯನ್ನು ತಿಳಿಸಬೇಕು. ಉತ್ತರ ಅಮೆರಿಕದ ತುರ್ತು ಸ್ಪಂದನ ಕೈಪಿಡಿ ಇಂಥ ದೊಡ್ಡ ಸೋರಿಕೆಗೆ ಗಾಳಿಯ ದಿಕ್ಕಿನಲ್ಲಿ 800 ಮೀಟರ್, ತೊಟ್ಟಿ ಬೆಂಕಿಗೆ ಸಿಲುಕಿದ್ದರೆ ಎಲ್ಲ ದಿಕ್ಕಿಗೂ 1,600 ಮೀಟರ್ ತೆರವನ್ನು ಸೂಚಿಸುತ್ತದೆ. ಸೋರಿಕೆಯನ್ನು ನಿಲ್ಲಿಸಲಾಗದಿದ್ದರೆ ಅದರ ಬಾಯಲ್ಲಿ ಉರಿಯುತ್ತಿರುವ ಬೆಂಕಿಯನ್ನು ಆರಿಸಲೇಬಾರದು, ತೊಟ್ಟಿಯನ್ನು ದೂರದಿಂದ ನೀರು ಹಾಯಿಸಿ ತಂಪಾಗಿಡಬೇಕು, ಏಕೆಂದರೆ ಆರಿಸಿದ ಬೆಂಕಿಯ ಜಾಗದಲ್ಲಿ ಕಾಣದ ಅನಿಲ ಹರಡಿ ಇನ್ನೆಲ್ಲೋ ಹೊತ್ತಿಕೊಳ್ಳುತ್ತದೆ ಎಂಬುದು ಅಗ್ನಿಶಾಮಕ ದಳದವರಿಗೆ ತಿಳಿದಿರುವ, ಊರಿನವರಿಗೆ ತಿಳಿಯದ ಸಂಗತಿ. ಹತ್ತಿರ ಹೋದರೆ ಏನಾಗಬಹುದೆಂಬುದಕ್ಕೆ ನಿದರ್ಶನ ಇದು: 2017ರ ಜೂನ್ 25ರಂದು ಪಾಕಿಸ್ತಾನದ ಬಹಾವಲ್‌ಪುರ ಬಳಿ ಉರುಳಿದ ಟ್ಯಾಂಕರ್‌ನಿಂದ ಚೆಲ್ಲಿದ ಇಂಧನವನ್ನು ಡಬ್ಬಿಗಳಲ್ಲಿ ತುಂಬಿಕೊಳ್ಳಲು ನೆರೆದವರಲ್ಲಿ 200ಕ್ಕೂ ಹೆಚ್ಚು ಜನ ಸುಟ್ಟು ಸತ್ತರು. ಅವರನ್ನು ಆಸೆಬುರುಕರೆಂದು ಜರೆಯುವುದು ಸುಲಭ. ಅವರು ಬಡವರಾಗಿದ್ದರು ಮತ್ತು ಅಪಾಯದ ಬಗ್ಗೆ ಯಾರೂ ಅವರಿಗೆ ಮನವರಿಕೆಯಾಗುವಂತೆ ಹೇಳಿರಲಿಲ್ಲ.

ಹೆದ್ದಾರಿ ಬದಿಯ ಜನರನ್ನು ಹೀಗೆ ಸಜ್ಜುಗೊಳಿಸಲು ಭೋಪಾಲದ ಅನಿಲ ದುರಂತದ ನಂತರ ಬಂದ ಕಾನೂನುಗಳಲ್ಲಿ ಒಂದು ಹಿಡಿಕೆ ಇದೆ. 1996ರ ರಾಸಾಯನಿಕ ಅಪಘಾತಗಳ ನಿಯಮಗಳು ಕೇಂದ್ರ, ರಾಜ್ಯ, ಜಿಲ್ಲಾ ಮಟ್ಟಗಳಲ್ಲಿ ಬಿಕ್ಕಟ್ಟು ನಿರ್ವಹಣಾ ಸಮಿತಿಗಳನ್ನಲ್ಲದೆ, ಕೈಗಾರಿಕಾ ವಲಯಗಳಲ್ಲಿ ಸ್ಥಳೀಯ ಸಮಿತಿಗಳನ್ನೂ ರಚಿಸಬೇಕೆನ್ನುತ್ತವೆ. ಈ ಸ್ಥಳೀಯ ಸಮಿತಿಯಲ್ಲಿ ಅಗ್ನಿಶಾಮಕ ಅಧಿಕಾರಿ, ಠಾಣಾಧಿಕಾರಿ, ವೈದ್ಯರು, ಗ್ರಾಮದ ಮುಖಂಡರ ಜೊತೆಗೆ ಅಪಾಯಕಾರಿ ರಾಸಾಯನಿಕಗಳ ಸಾಗಣೆದಾರರ ಪ್ರತಿನಿಧಿಗಳೂ ಇರಬೇಕು, ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ನಡೆಸಬೇಕು. ಆದರೆ ನಿಯಮದ ಕಣ್ಣಿಗೆ ಬೀಳುವುದು ಕಾರ್ಖಾನೆಗಳಿರುವ ವಲಯ. ಪಣಂಬೂರು, ಬೈಕಂಪಾಡಿಗಳು ಅದರೊಳಗೆ ಬರುತ್ತವೆ, ಕಾರ್ಖಾನೆಯೇ ಇಲ್ಲದ ಪೆರ್ನೆ, ಗುಂಡ್ಯಗಳು ಬರುವುದಿಲ್ಲ. ಹೆದ್ದಾರಿಯ ಇಂಥ ತುಣುಕುಗಳನ್ನೂ ವಲಯವೆಂದು ಘೋಷಿಸಿ, ಅಲ್ಲಿನ ಪಂಚಾಯಿತಿ ಸದಸ್ಯರನ್ನು, ಶಾಲೆಯ ಮುಖ್ಯೋಪಾಧ್ಯಾಯರನ್ನು, ಆಶಾ ಕಾರ್ಯಕರ್ತೆಯರನ್ನು ಸಮಿತಿಗೆ ಸೇರಿಸಿ, ಅಣಕು ಕಾರ್ಯಾಚರಣೆಯನ್ನು ಸ್ಥಾವರದ ಹುಲ್ಲುಹಾಸಿನ ಬದಲು ಉಪ್ಪಿನಂಗಡಿಯ ಪೇಟೆಯಲ್ಲಿ ನಡೆಸುವುದಕ್ಕೆ ಸಂಸತ್ತಿನ ಹೊಸ ಕಾಯ್ದೆ ಬೇಕಾಗಿಲ್ಲ. ಜಿಲ್ಲಾಧಿಕಾರಿ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರಾಗಿ ಹೊಂದಿರುವ ಅಧಿಕಾರದೊಳಗೇ ಅದರ ಬಹುಭಾಗವನ್ನು ಆರಂಭಿಸಬಹುದು.